ಮೂರು ಗಂಟಿನೊಳಗಿನ ಕ್ಯಾಮೆರಾ

"ಆ ಕರೀ ಬ್ಯಾಗು ಬ್ಯಾಡ ಕಣವ್ವ. ನೋಡುದ್ರೇ ಗೊತ್ತಾಯ್ತದೆ, ಒಳಗೆ ಏನೋ ಬೆಲೆಬಾಳೋದು ಅದೆ ಅಂತ," ಎಂದರು ತಾತ.

ಭೂಮಿಕ ಬ್ಯಾಗನ್ನು ಎದೆಗೆ ಅವಚಿಕೊಂಡಳು. ಅದು ರಮ್ಯತ್ತೆಯ ಬ್ಯಾಗು. ಒಳಗೆ ಮೆತ್ತನೆಯ ಗೂಡುಗಳು, ಹೊರಗೆ ಜಿಪ್ಪಿನ ಮೇಲೆ ಜಿಪ್ಪು. ಅತ್ತೆ ಹಕ್ಕಿಗಳ ಫೋಟೋ ತೆಗೆಯುತ್ತಾಳೆ. ಈ ಭಾನುವಾರ ಒಂದೇ ಒಂದು ದಿನದ ಮಟ್ಟಿಗೆ ತನ್ನ ಚಿಕ್ಕ ಕ್ಯಾಮೆರಾ ಕೊಟ್ಟಿದ್ದಳು.

"ಅತ್ತೆ ಇದ್ರಲ್ಲೇ ಇಟ್ಕೊಂಡು ಎಲ್ಲಾ ಕಡೆ ಹೋಗ್ತಾರೆ ತಾತ."

"ನಿಮ್ಮತ್ತೆ ಸ್ಕೂಟ್ರಲ್ಲಿ ಹೋಯ್ತಾಳೆ. ನಾವು ಹೋಗೋದು ಬಸ್ಸಲ್ಲಿ. ಆ ರಶ್ಶಲ್ಲಿ ಜಿಪ್ಪು ಎಳಿಯಕ್ಕೆ ಎಷ್ಟೊತ್ತು? ಕೊಡಿಲ್ಲಿ."

ತಾತ, ಅಂದರೆ ಸುಬ್ರಹ್ಮಣ್ಯಾಚಾರ್, ಕೆ.ಆರ್. ಪೇಟೆಯಲ್ಲಿ ಚಿನ್ನದ ಕೆಲಸ ಮಾಡುತ್ತಾರೆ. ಮಾಡಿದ ಒಡವೆಯನ್ನು ನಲವತ್ತು ವರ್ಷದಿಂದ ಬಸ್ಸಿನಲ್ಲೇ ಒಯ್ದು ಕೊಡುತ್ತಿದ್ದಾರೆ. ಒಂದು ಚಿನ್ನದ ಗುಂಡೂ ಕಳೆದದ್ದಿಲ್ಲ. ಇವತ್ತೂ ಶ್ರೀರಂಗಪಟ್ಟಣದ ಒಬ್ಬರಿಗೆ ಓಲೆ ಕೊಡಬೇಕಿತ್ತು. ಭೂಮಿಕ ಹಠ ಮಾಡಿ ಜೊತೆಗೆ ಹೊರಟಿದ್ದಳು.

ತಾತ ಒಡವೆ ಸುತ್ತುವ ತೆಳುವಾದ ಗುಲಾಬಿ ಕಾಗದ ತಂದರು. ಕ್ಯಾಮೆರಾಕ್ಕೆ ಅದನ್ನು ಸುತ್ತಿದರು. ಹತ್ತಿ ಹಾಸಿದ ಬಿಸ್ಕತ್ತಿನ ಡಬ್ಬದಲ್ಲಿ ಮಲಗಿಸಿ, ಡಬ್ಬಕ್ಕೆ ದಾರ ಬಿಗಿದರು. ಅದರ ಮೇಲೆ ಹಳೇ ಪಂಚೆಯ ತುಂಡಿನದೊಂದು ಗಂಟು. ಎಲ್ಲವನ್ನೂ ಸಂತೆಯ ಬಟ್ಟೆ ಚೀಲಕ್ಕೆ ಇಳಿಸಿ, ಮೇಲೆ ಎರಡು ಕಟ್ಟು ಕೊತ್ತಂಬರಿ ಇಟ್ಟು, ಚೀಲದ ಬಾಯಿಗೂ ಒಂದು ಗಂಟು ಹಾಕಿದರು.

"ಈಗ ಯಾರ್ ನೋಡುದ್ರೂ ಸೊಪ್ಪು!"

ಭೂಮಿಕ ಚೀಲ ಎತ್ತಿಕೊಂಡಳು. ಒಂದು ಫೋಟೋ ಸಿಕ್ಕರೆ ಸಾಕಿತ್ತು ಅವಳಿಗೆ.

ಹೋದ ತಿಂಗಳು ಅಮ್ಮನ ಜೊತೆ ಹೋಗಿದ್ದಾಗ ಶ್ರೀರಂಗಪಟ್ಟಣದ ಹೊಳೆಯಲ್ಲಿ ಅವಳು ನೀರುನಾಯಿ ಕಂಡಿದ್ದಳು. ಕ್ಲಾಸಿನಲ್ಲಿ ಹೇಳಿದ್ದೇ ತಪ್ಪಾಯಿತು. "ಯಾವ್ದೋ ಬೀದಿನಾಯಿ ಸ್ನಾನ ಮಾಡ್ತಿತ್ತು ಬುಡೇ!" ಎಂದಿದ್ದ ಹೇಮಂತ್. ಅಂದಿನಿಂದ ಅವಳು ಕ್ಲಾಸಿಗೆ ಕಾಲಿಟ್ಟರೆ ಹಿಂದಿನ ಬೆಂಚಿನಿಂದ "ಬೌ ಬೌ" ಕೇಳುತ್ತಿತ್ತು. ತಾತನೂ ನಂಬಿರಲಿಲ್ಲ. "ಇಷ್ಟು ವರ್ಷದಿಂದ ಆ ಹೊಳೆ ನೋಡ್ತಾವ್ನಿ. ನಂಗೆ ಒಂದೂ ಕಾಣ್ನಿಲ್ಲ," ಎಂದಿದ್ದರು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಚೀಲ ತೊಡೆಯ ಮೇಲೆ ಬೆಚ್ಚಗೆ ಕೂತಿತ್ತು. ಚಿನಕುರಳಿ ದಾಟಿತು, ಪಾಂಡವಪುರ ಬಂತು. ಕಬ್ಬಿನ ಗರಿಗಳು ಗಾಳಿಗೆ ಒಟ್ಟಿಗೆ ಬಾಗಿ, ಒಟ್ಟಿಗೆ ಏಳುತ್ತಿದ್ದವು. ಕೊತ್ತಂಬರಿಯ ವಾಸನೆಗೆ ಭೂಮಿಕಳ ಕಣ್ಣು ಎಳೆಯಿತು. ಚೀಲದೊಳಗೆ ಇರುವುದು ಕ್ಯಾಮೆರಾ ಅಲ್ಲ, ಸುರುಳಿ ಸುತ್ತಿಕೊಂಡ ಒಂದು ನೀರುನಾಯಿ ಮರಿ ಅನ್ನಿಸಿತು. ಅದು ಉಸಿರಾಡುತ್ತಿತ್ತು. ಬಸ್ಸು ಕುಲುಕಿದಾಗಲೆಲ್ಲ ಮಗ್ಗುಲು ಬದಲಿಸುತ್ತಿತ್ತು.

ಓಲೆ ಕೊಟ್ಟು, ಅವರ ಮನೆಯಲ್ಲಿ ಕಾಫಿ ಕುಡಿದು, ಇಬ್ಬರೂ ಹಳೇ ಸೇತುವೆಯ ಹತ್ತಿರದ ಮೆಟ್ಟಿಲಿಗೆ ಬಂದರು. ಹೊಳೆ ನಿಧಾನವಾಗಿ, ಏನೋ ಯೋಚಿಸುತ್ತಾ ಹೋಗುತ್ತಿರುವಂತೆ ಹರಿಯುತ್ತಿತ್ತು.

"ತಾತಾ!" ಭೂಮಿಕ ಪಿಸುಗುಟ್ಟಿದಳು. "ಅಲ್ಲಿ!"

ನೀರಿನ ನಡುವಿನ ಬಂಡೆಯ ಮೇಲೆ ಕಂದು ಬಣ್ಣದ ಮೂರು ಮೈಗಳು ಹೊಳೆಯುತ್ತಿದ್ದವು. ಒಂದರ ಬಾಯಲ್ಲಿ ಮೀನಿತ್ತು.

ಚೀಲದ ಗಂಟು ಬಿಚ್ಚಿದಳು. ಸೊಪ್ಪು ಎಸೆದಳು. ಪಂಚೆಯ ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಎಳೆದಳು. ಡಬ್ಬದ ದಾರ ಬರಲಿಲ್ಲ, ಉಗುರು ನೊಂದಿತು. ಹತ್ತಿ, ಗುಲಾಬಿ ಕಾಗದ, ಇನ್ನೊಂದು ಸುತ್ತು ಗುಲಾಬಿ ಕಾಗದ! ಕ್ಯಾಮೆರಾ ಕೈಗೆ ಬಂದು, ತಲೆ ಎತ್ತಿ ನೋಡಿದರೆ ಬಂಡೆಯ ಮೇಲೆ ಬರೀ ಬಿಸಿಲು.

"ನಿನ್ನಿಂದ್ಲೇ ತಾತ! ಎಲ್ಲಾ ನಿನ್ನ ಗಂಟಿಂದ್ಲೇ!"

ಕಣ್ಣೀರು ಮೂಗಿನ ತುದಿಗೆ ಬಂತು. ತಾತ ಬಂಡೆಯನ್ನೇ ನೋಡುತ್ತಾ ನಿಂತಿದ್ದರು. ಬಾಯಿ ಚಿಕ್ಕ ಮಕ್ಕಳ ಹಾಗೆ ತೆರೆದಿತ್ತು.

"ಮೀಸೆ ಅದೆ ಕಣವ್ವ ಅದುಕ್ಕೆ," ಎಂದರು ಕೊನೆಗೆ. "ಮೀನ್ನ ಕೈಯಲ್ಲಿ ಇಟ್ಕೊಂಡು ತಿಂತು. ಮನುಷ್ರಂಗೆ! ನೀನು ಬಗ್ಗಿ ಗಂಟು ಬಿಚ್ತಿದ್ದೆ. ನಾ ನೋಡ್ದೆ."

ಭೂಮಿಕಳ ಅಳು ಅರ್ಧಕ್ಕೇ ನಿಂತಿತು.

ತಾತ ಮೆಟ್ಟಿಲ ಮೇಲೆ ಕೂತು, ಹೆಗಲ ಟವೆಲು ತೆಗೆದರು. "ನಂಗೆ ಬಚ್ಚಿಡೋದು ಒಂದೇ ಬರೋದು ಕಣವ್ವ. ಬೇಗ ತೆಗಿಬೇಕಾದ ಸಾಮಾನು ನನ್ನ ಕೈಗೆ ಯಾವತ್ತೂ ಬಂದಿರ್ನಿಲ್ಲ. ಬಾ ಇಲ್ಲಿ."

ಕ್ಯಾಮೆರಾದ ಬೆಲ್ಟನ್ನು ಅವಳ ಕುತ್ತಿಗೆಗೆ ಹಾಕಿದರು. ಟವೆಲನ್ನು ಹೆಗಲಿನಿಂದ ಸೊಂಟಕ್ಕೆ ಅಡ್ಡವಾಗಿ ಕಟ್ಟಿ, ಎದೆಯ ಹತ್ತಿರ ತೊಟ್ಟಿಲಿನ ಹಾಗೆ ಮಡಿಕೆ ಬಿಟ್ಟು, ಅದರಲ್ಲಿ ಕ್ಯಾಮೆರಾ ಕೂರಿಸಿದರು. ಲೆನ್ಸು ಚಾಚಿಕೊಂಡಿದ್ದ ಕಡೆ ಟವೆಲಿನ ಮಡಿಕೆಗೆ ಎರಡು ಬೆರಳಲ್ಲಿ ಹತ್ತಿ ಒತ್ತಿದರು, ಓಲೆಗೆ ಹರಳು ಕೂರಿಸುವಷ್ಟು ಮೆಲ್ಲಗೆ. ಆ ಬೆರಳುಗಳನ್ನು ನೋಡುತ್ತಾ ಭೂಮಿಕಳಿಗೆ ತಾನು ಕಿರುಚಿದ್ದು ನೆನಪಾಗಿ ನಾಚಿಕೆಯಾಯಿತು.

"ಸಾರಿ ತಾತ."

"ಶ್! ಮಾತಾಡುದ್ರೆ ಅವು ಬರಾಕಿಲ್ಲ."

ಇಬ್ಬರೂ ಕಾದರು. ಬಿಸಿಲು ನೀರಿನ ಮೇಲೆ ತೂಕಡಿಸಿತು. ಬೆಳ್ಳಕ್ಕಿಯೊಂದು ತನ್ನ ನೆರಳನ್ನು ತಾನೇ ತುಳಿಯುತ್ತಾ ನಡೆಯಿತು. ಎಷ್ಟು ಹೊತ್ತಾಯಿತೋ. ಮೆಟ್ಟಿಲಿನ ಹತ್ತಿರವೇ ಒಂದು ಒದ್ದೆ ಮೂಗು ಮೇಲೆ ಬಂತು. ಎರಡು ಪುಟ್ಟ ಕಣ್ಣು ಅವಳನ್ನು ನೋಡಿದವು. ಭೂಮಿಕ ಕ್ಯಾಮೆರಾ ಎತ್ತಿ ಕ್ಲಿಕ್ ಮಾಡಿದಳು.

ಅಷ್ಟರಲ್ಲಿ ಅದು ಮುಳುಗಿತ್ತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ತಾತ ಪಕ್ಕದ ಸೀಟಿನವರಿಗೆ ಹೇಳುತ್ತಲೇ ಇದ್ದರು. "ಮೂರಿದ್ದೋ ಸ್ವಾಮಿ. ನಮ್ಮ ಮೊಮ್ಮಗಳು ತೋರ್ಸಿದ್ದು. ಮೊದ್ಲೇ ಹೇಳಿದ್ಲು, ನಾನೇ ನಂಬ್ನಿಲ್ಲ."

ಬುಧವಾರ ರಮ್ಯತ್ತೆ ಫೋಟೋ ಪ್ರಿಂಟ್ ಹಾಕಿಸಿ ಕೊಟ್ಟಳು. ಕ್ಲಾಸಿನಲ್ಲಿ ಹೇಮಂತ್ ಅದನ್ನು ಕಿತ್ತುಕೊಂಡ.

"ಎಲ್ಲೇ ನೀರುನಾಯಿ? ಬರೀ ನೀರು ಅದೆ!"

ನಿಜ. ಫೋಟೋದಲ್ಲಿ ಇದ್ದದ್ದು ಒಂದರೊಳಗೊಂದು ಹರಡುತ್ತಿದ್ದ ನೀರಿನ ಉಂಗುರಗಳು. ಜಗಳಕ್ಕೆಂದು ಭೂಮಿಕ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಈಗ ಒಂದೂ ಬೇಕೆನಿಸಲಿಲ್ಲ.

"ಈಗ ತಾನೇ ಮುಳುಗ್ತು," ಎಂದಳು ಮೆಲ್ಲಗೆ.

"ಬೌ" ಎನ್ನಲು ಬಾಯಿ ತೆರೆದ ಹೇಮಂತ್ ಹಾಗೇ ನಿಂತ. ಫೋಟೋವನ್ನು ಕಣ್ಣಿನ ಹತ್ತಿರ ತಂದ.

"ಮತ್ತೆ ಯಾವಾಗ ಮೇಲೆ ಬತ್ತದೆ?"

"ಗೊತ್ತಿಲ್ಲ. ಕಾಯ್ಬೇಕು."

ಬೆಲ್ ಹೊಡೆಯಿತು. ಇಬ್ಬರ ತಲೆಯೂ ಆ ಉಂಗುರಗಳ ಮೇಲೆ ಬಾಗಿತ್ತು. ಹೇಮಂತ್ ನಂಬಿದನೋ ಇಲ್ಲವೋ ಎಂದು ನೋಡುವುದನ್ನೇ ಭೂಮಿಕ ಮರೆತಿದ್ದಳು.