ಗೆಲುವಿನ ಮೊದಲ ಹಿಡಿ

ಹಿಜಲ್‌ಪೋತಾ ಠಾಣೆಗೆ ದೂರು ಬಂದದ್ದು ಮತ ಎಣಿಕೆಯ ದಿನ, ಶನಿವಾರ, ಮಧ್ಯಾಹ್ನ ಮೂರೂವರೆಗೆ. ದೂರು ಕೊಟ್ಟವರು ಆಸ್ಪತ್ರೆಯಲ್ಲಿ ಮಲಗಿದ್ದರು. ಅವರು ಬಾಯಲ್ಲಿ ಹೇಳಿದ್ದನ್ನು ಸಬ್‌ಇನ್‌ಸ್ಪೆಕ್ಟರ್ ತಾರಕ್ ಮಂಡಲ್ ಬರೆದುಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡು ತಂದಿದ್ದ.

ಜೋಕಾ ದಾಟಿ, ಕೋಲ್ಕತ್ತ ಸವೆಯುತ್ತ ಹೋಗುವ ಕಡೆಗಿರುವ ಪುರಸಭೆ ಅದು. ಹದಿನೈದು ವರ್ಷ ಮರದ ಗುರುತಿನ ಪಕ್ಷ ಅಲ್ಲಿ ಬೇರು ಬಿಟ್ಟಿತ್ತು. ಆ ಮಧ್ಯಾಹ್ನ ಹಡಗಿನ ಗುರುತಿನವರು ಇಪ್ಪತ್ತೊಂದು ವಾರ್ಡುಗಳಲ್ಲಿ ಹನ್ನೊಂದನ್ನು ಗೆದ್ದರು. ಏಳು ಸಮುದ್ರದಾಚೆಯ ರಾಕ್ಷಸನ ಪ್ರಾಣ ಒಂದು ಗಿಳಿಯ ಕೊರಳಲ್ಲಿತ್ತಂತೆ. ಪುರಸಭೆ ಆಳಬೇಕಾದ ಹೊಸ ಬೋರ್ಡಿನ ಪ್ರಾಣವೂ ಹಾಗೆಯೇ ಒಂದೇ ಒಂದು ವಾರ್ಡಿನಲ್ಲಿ ಸಿಕ್ಕಿಕೊಂಡಿತ್ತು. ಆ ವಾರ್ಡು ಗೆದ್ದ ನಿವೃತ್ತ ಶಾಲಾ ಮಾಸ್ತರು ಶಿಬೇಂದು ಘೋಷಾಲ್ ಎರಡು ಗಂಟೆಗೆ ಎಣಿಕೆ ಕೇಂದ್ರದ ಗೇಟು ದಾಟಿ ಹೊರಬಂದದ್ದೇ ತಡ, ಯಾರೋ ಅವರ ಕಣ್ಣಿಗೆ ಪುಡಿ ಮೆತ್ತಿ ಜನರ ನಡುವೆ ಕರಗಿಹೋಗಿದ್ದರು. ಮಾಸ್ತರು ಕಿರುಚಿ ಕುಸಿದರು. ಸುತ್ತಲಿದ್ದವರು ಬಾಟಲಿಗಟ್ಟಲೆ ನೀರು ಸುರಿದರು. ಬಲಗಣ್ಣು ಉಳಿಯುವುದು ಕಷ್ಟ, ಒಳಗೆ ಸುಟ್ಟಿದೆ ಎಂದು ವೈದ್ಯರು ಬರೆದುಕೊಟ್ಟರು.

ಠಾಣಾಧಿಕಾರಿ ಅಪರ್ಣಾ ಐತಾಳ ದೂರನ್ನು ಎರಡು ಸಲ ಓದಿದಳು. ಗೆದ್ದಾಗ ಎರಚುವ ಬಣ್ಣದ ಪುಡಿ, ಅಬೀರ್, ಹಡಗಿನವರದು ಹಳದಿ, ಮರದವರದು ಕೆಂಗುಲಾಬಿ. ಮಾಸ್ತರ ಅಂಗಿಯ ಮೇಲೆ ಇರುವುದು ಕೆಂಪು ಕಲೆ. ಆದ್ದರಿಂದ ಇದು ಎದುರು ಪಕ್ಷದವರ ಕೆಲಸ. ಸೋತ ಕೌನ್ಸಿಲರ್ ಕುಸುಮಾವತಿ ಹೆಗ್ಡೆಯವರ ಚಿತಾವಣೆ. ದೂರಿನ ಸಾರ ಇಷ್ಟು.

"ಹೆಗ್ಡೆ ಅಂದ್ರೆ ನಿಮ್ಮ ಕಡೆಯವರಲ್ವಾ ಮ್ಯಾಡಮ್?" ತಾರಕ್ ಮೆಲ್ಲಗೆ ಕೇಳಿದ.

"ಕುಂದಾಪುರದವರು. ನನ್ನ ಅಪ್ಪನ ಬ್ಯಾಂಕಿನಲ್ಲೇ ಇದ್ದವರು. ಮುಂದೆ ಹೇಳು."

"ಮುಂದೆ ಏನಿಲ್ಲ. ಊರು ಅದನ್ನೇ ಹೇಳ್ತಿದೆ, ಅಷ್ಟೇ."

ಭಾರತೀಯ ನ್ಯಾಯ ಸಂಹಿತೆಯ 124ನೇ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ನಾಲ್ಕೂವರೆಗೆ ಪೊಲೀಸ್ ಡೆಪ್ಯುಟಿ ಕಮಿಷನರ್ ಫೋನು ಮಾಡಿದರು.

"ಆ ಹೆಂಗಸನ್ನು ಇವತ್ತೇ ಬಂಧಿಸಿ. ಇಲ್ಲದಿದ್ದರೆ ಅವರ ಮನೆಗೆ ಬೆಂಕಿ ಬೀಳುತ್ತೆ."

"ಮನೆಗೆ ಕಾವಲು ಹಾಕಿದ್ದೇನೆ ಸರ್. ನಾಳೆ ಬೆಳಿಗ್ಗೆವರೆಗೆ ಸಮಯ ಕೊಡಿ."

"ಅಪರ್ಣಾ, ನಿಮ್ಮ ಭಾಷೆಯವರನ್ನು ನೀವೇ ಬಚಾವ್ ಮಾಡ್ತಿದ್ದೀರಿ ಅಂತ ಈಗಾಗಲೇ ಮಾತಾಡ್ತಿದ್ದಾರೆ. ನಾಳೆ ಹತ್ತು ಗಂಟೆ. ಆಮೇಲೆ ಈ ಫೈಲು ನಿಮ್ಮ ಕೈಯಲ್ಲಿರಲ್ಲ."

ಕುಸುಮಾವತಿಯ ಮನೆ ಮುಂದೆ ಡೋಲು ಬಡಿಯುತ್ತಿದ್ದ ಹಡಗಿನವರು ಜೀಪು ನೋಡಿ ಇನ್ನೂ ಜೋರು ಮಾಡಿದರು. ಒಳಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಬಿಳಿಕೂದಲಿನ, ಗಟ್ಟಿಮೈಯ ಹೆಂಗಸು ಊಟದ ಮೇಜಿನ ಮುಂದೆ ಕೂತು ಕೆಸುವಿನ ದಂಟು ಸಿಗಿಯುತ್ತಿದ್ದರು.

"ಎಂತ ಹೆಣ್ಣೇ, ನನ್ನ ಹಿಡ್ಕಂಡ್ ಹೋಪುಕೆ ಬಂದ್ಯಾ?"

"ಪ್ರಶ್ನೆ ಕೇಳೋಕೆ ಬಂದೆ ಮಾಸಿ." ಚಿಕ್ಕಂದಿನಲ್ಲಿ ಟಾಲಿಗಂಜಿನ ಬ್ಯಾಂಕ್ ಕ್ವಾರ್ಟರ್ಸಿನಲ್ಲಿ ಅಭ್ಯಾಸವಾದ, ಚಿಕ್ಕಮ್ಮ ಎನ್ನುವ ಬಂಗಾಳಿ ಕರೆ, ಯೂನಿಫಾರ್ಮು ಹಾಕಿದರೂ ನಾಲಿಗೆ ಬಿಟ್ಟಿರಲಿಲ್ಲ. "ಎರಡು ಗಂಟೆಗೆ ಎಲ್ಲಿದ್ದಿರಿ?"

"ಇಲ್ಲೇ. ಸೋತ ಮೋರೆ ತಕಂಡ್ ಎಲ್ಲಿಗ್ ಹೋಪುದ್?"

"ನಿಮ್ಮ ಹುಡುಗರು?"

ಕುಸುಮಾವತಿ ನಕ್ಕುಬಿಟ್ಟರು. "ನನ್ನ ಹುಡ್ಗ್ರಾ? ಹನ್ನೊಂದ್ ಗಂಟಿಗೆ ಎಣಿಕೆ ಆಚಿ ವಾಲಿತ್ ಕಾಣ್, ಆಗಳಿಕೇ ಎಲ್ಲ ಹಳದಿ ಮೆತ್ಕಂಡ್ ಹಡಗ್ ಹತ್ತಿರ್. ನಂಗೆ ಚಾ ತಂದ್ ಕೊಡುಕೂ ಒಬ್ಬ ಉಳೀಲಿಲ್ಲ. ಇನ್ ಕಣ್ಣಿಗೆ ಪುಡಿ ಹಾಕುಕೆ ಯಾರನ್ ಕಳ್ಸುದ್ ಮಾರಾಯ್ತಿ?" ಹೊರಗಿನ ಡೋಲಿನತ್ತ ಗದ್ದ ಎತ್ತಿದರು. "ಆ ಡೋಲು ಬಡಿತಾ ಇದ್ದನಲ್ಲ, ಅವ್ನ್ ತಂಗಿ ಮದಿಗೆ ಪುರಸಭೆ ಹಾಲ್ ನಾನೇ ಕೊಡ್ಸಿದ್ದ್."

ಅಪರ್ಣಾ ಹೊರಡುವಾಗ ಅವರು ಬಾಗಿಲ ತನಕ ಬಂದರು. ದನಿ ತಗ್ಗಿತ್ತು. "ಹೆಣ್ಣೇ, ಸೋತದ್ದಕ್ಕೆ ಬೇಜಾರಿಲ್ಲ. ಈ ವಯಸ್ಸಲ್ಲಿ ಲಾಕಪ್ಪಿಗೆ ಮಾತ್ರ ಹಾಕ್ಬೇಡ."

ಸಂಜೆ ಆರಕ್ಕೆ ಆಸ್ಪತ್ರೆಯಿಂದ ಮಾಸ್ತರ ಬಟ್ಟೆಗಳು ಬಂದವು. ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ತಾರಕ್ ಒಂದೊಂದನ್ನೇ ಎತ್ತಿ ಹೇಳುತ್ತ ಹೋದ: ಬಿಳಿ ಕುರ್ತಾ ಒಂದು, ಒದ್ದೆ, ಕೊರಳು ಮತ್ತು ಎದೆಯ ಮೇಲೆ ಕೆಂಪು ಕಲೆ, ಧೋತಿ ಒಂದು, ಚರ್ಮದ ಚಪ್ಪಲಿ ಒಂದು ಜೊತೆ, ಪಟ್ಟಿಯ ಮೇಲೆ ಹಳದಿ ಪುಡಿ.

ಅಪರ್ಣಾ ಕುರ್ತಾದ ಮೇಲೆ ಬಾಗಿದಳು. ಆ ಕೆಂಪು ಮರದವರ ಗುಲಾಬಿಯಲ್ಲ. ಎಲ್ಲೋ ಕಂಡ ಬಣ್ಣ. ಅಜ್ಜಿ ಬಾಣಂತಿಯನ್ನೂ ಮದುಮಕ್ಕಳನ್ನೂ ಹೊಸ್ತಿಲಲ್ಲಿ ನಿಲ್ಲಿಸಿ, ಹರಿವಾಣದಲ್ಲಿ ಕಲಸಿ ಎತ್ತುತ್ತಿದ್ದ ಆರತಿಯ ನೀರು ಇದೇ ಬಣ್ಣದ್ದು. ಕೆಟ್ಟ ಕಣ್ಣು ತಾಗದಿರಲಿ ಎಂದು ಎತ್ತುವ ನೀರು.

"ತಾರಕ್, ಹಡಗಿನವರ ಅಬೀರ್ ಯಾವುದರಿಂದ ಮಾಡಿದ್ದು?"

"ಅರಿಶಿನ. ಕೆಮಿಕಲ್ ಇಲ್ಲ ಅಂತ ಬ್ಯಾನರ್ ಕಟ್ಟಿ ಹೇಳಿಕೊಂಡಿದ್ದರಲ್ಲ."

"ಒಂದು ಪೊಟ್ಟಣ ತಾ. ಹಾಗೇ ಪಾನ್ ಅಂಗಡಿಯಿಂದ ಸ್ವಲ್ಪ ಸುಣ್ಣ."

ಅಬೀರ್ ಹುಡುಕಲು ದೂರ ಹೋಗಬೇಕಾಗಲಿಲ್ಲ. ಠಾಣೆಯ ಗೇಟಿನಲ್ಲೇ ಚೆಲ್ಲಿತ್ತು. ವೀಳ್ಯದೆಲೆಯ ಮೇಲೆ ಎರಡನ್ನೂ ಇಟ್ಟು ಅಪರ್ಣಾ ಒಂದು ತೊಟ್ಟು ನೀರು ಬಿಟ್ಟು ಬೆರಳಾಡಿಸಿದಳು. ಹಳದಿ ನೋಡನೋಡುತ್ತಲೇ ಕೆಂಪಾಯಿತು.

ತಾರಕ್ ಹಣೆ ಚಚ್ಚಿಕೊಂಡ. "ಚುನ್-ಹಲುದ್, ಸುಣ್ಣ-ಅರಿಶಿನ! ಕಾಲು ಉಳುಕಿದರೆ ನಮ್ಮಮ್ಮ ಹಚ್ಚೋದು ಇದನ್ನೇ. ಮಧ್ಯಾಹ್ನದಿಂದ ಯಾವ ಪಾರ್ಟಿಯ ಬಣ್ಣ ಅಂತ ನೋಡಿದೆವೇ ಹೊರತು, ಏನು ಬಣ್ಣ ಅಂತ ಯಾರೂ ನೋಡಲಿಲ್ಲ."

"ಅಂದರೆ ಎರಚಿದ್ದು ಹಳದಿಯೇ. ಅದರಲ್ಲಿ ಸುಟ್ಟ ಸುಣ್ಣ. ನೀರು ಬಿದ್ದಮೇಲೆ ಕೆಂಪಾಗಿದೆ. ಸರಿ, ಚಪ್ಪಲಿ ಮೇಲೆ ಹಳದಿ ಹೇಗೆ ಬಂತು?"

"ಯಾರೋ ಕಾಲಿಗೆ ಹಾಕಿರ್ತಾರೆ. ದೊಡ್ಡವರಿಗೆ ಮೊದಲು ಪಾದಕ್ಕೆ, ಆಮೇಲೆ ಮುಖಕ್ಕೆ. ದೋಲ್ ಹಬ್ಬದ ಹೋಳಿಯಲ್ಲಿ ನೀವೂ ಹಾಕಿಲ್ವಾ?"

"ಹಾಕಿದ್ದೇನೆ. ಗೇಟು ದಾಟಿದ ಮಾಸ್ತರ ಹತ್ತಿರ ಬಂದ ಮೊದಲನೆಯವನೇ ಕಣ್ಣಿಗೆ ಮೆತ್ತಿದ್ದು. ಅವರು ಬಿದ್ದ ಮೇಲೆ ಯಾರೂ ಬಣ್ಣ ಹಾಕಿಲ್ಲ."

ತಾರಕ್ ಚಪ್ಪಲಿ ನೋಡಿದ, ಕುರ್ತಾ ನೋಡಿದ. "ಅಂದರೆ ಪಾದ ಮುಟ್ಟಿದ ಕೈಯೇ..."

"ಪಾದಕ್ಕೆ ಶುದ್ಧ ಅರಿಶಿನ, ಕಣ್ಣಿಗೆ ಸುಣ್ಣ ಬೆರೆಸಿದ್ದು. ವೈರಿ ಕಣ್ಣು ಕಳೆಯೋಕೆ ಬಂದರೆ ಮೊದಲು ಬಗ್ಗಿ ನಮಸ್ಕಾರ ಮಾಡ್ತಾನಾ?"

ಚಪ್ಪಲಿ, ಕುರ್ತಾ ಎರಡನ್ನೂ ಸೀಲು ಮಾಡಿ ಪ್ರಯೋಗಾಲಯಕ್ಕೆ ಕಳಿಸಿದರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಅಪರ್ಣಾ ಆಸ್ಪತ್ರೆಯಲ್ಲಿದ್ದಳು. ಮಾಸ್ತರ ಎರಡೂ ಕಣ್ಣಿಗೆ ಪಟ್ಟಿ. ಮಂಚದ ಸುತ್ತ ಹೂಗುಚ್ಛಗಳು. ದಾದಿಯನ್ನು ಹೊರಗೆ ಕಳಿಸಿ ಅವಳು ಸ್ಟೂಲು ಎಳೆದುಕೊಂಡಳು.

"ಮಾಸ್ಟರ್‌ಮೊಶಾಯ್, ಗೇಟಿನ ಹತ್ತಿರ ನಿಮ್ಮ ಪಾದ ಮುಟ್ಟಿದ್ದು ಯಾರು?"

"ಗಮನಿಸಲಿಲ್ಲ."

"ಪಾದ ಮುಟ್ಟಬಾರದು ಅಂತ ನೀವು ಎಲ್ಲರಿಗೂ ಹೇಳ್ತೀರಂತೆ. ವೇದಿಕೆಯ ಮೇಲೂ ಬೈದು ಬಿಡಿಸ್ತೀರಂತೆ. ಆದರೂ ಮುಟ್ಟುವವರು ಎಷ್ಟು ಜನ ಇದ್ದಾರೆ?"

ಮಾಸ್ತರು ಪಟ್ಟಿ ಕಟ್ಟಿದ ಮುಖವನ್ನು ಗೋಡೆಯತ್ತ ಹೊರಳಿಸಿದರು.

"ನಿಮಗೆ ಕೈ ಗುರುತು ಸಿಕ್ಕಿತ್ತು. ಆದರೂ ದೂರಿನಲ್ಲಿ ಕುಸುಮಾವತಿಯ ಹೆಸರು ಹೇಳಿದಿರಿ."

"ಒಂಬತ್ತು ದಿನ, ಮಾ." ಮಾಸ್ತರ ದನಿ ಪಾಠ ಮಾಡುವವರಂತೆ ಸಮಾಧಾನವಾಗಿತ್ತು. "ಬೋರ್ಡ್ ರಚನೆಯಾಗಲಿ. ನಮ್ಮವನೇ ಮಾಡಿದ ಅಂತ ಗೊತ್ತಾದರೆ ಹನ್ನೊಂದರಲ್ಲಿ ಇಬ್ಬರು ಹಿಂದೆ ಸರೀತಾರೆ. ಹದಿನೈದು ವರ್ಷ ಕಾದಿದ್ದೇವೆ. ಆಮೇಲೆ ನಾನೇ ಹೇಳ್ತಿದ್ದೆ."

"ಅಷ್ಟು ದಿನ ಅವರು ಲಾಕಪ್ಪಿನಲ್ಲಿರಲಿ ಅಂತಲೇ?"

ಮಾಸ್ತರು ಹೊದಿಕೆಯೊಳಗೆ ಪಾದಗಳನ್ನು ಹತ್ತಿರ ಎಳೆದುಕೊಂಡರು.

"ಹತ್ತು ವರ್ಷದ ಹುಡುಗನಿದ್ದಾಗಿಂದ ಮುಟ್ಟುತ್ತಾನೆ. ಎಷ್ಟು ಬೈದರೂ ಕೇಳಲ್ಲ. ಅಕ್ಷರ ತಿದ್ದಿಸಿದ್ದು ನಾನೇ." ಪಟ್ಟಿಯ ಅಂಚು ಮುಟ್ಟಿಕೊಂಡು, "ಮೃಣಾಲ್. ನಮ್ಮ ಗೋಡೆ ಬರೆಯುವವನು," ಎಂದರು.

ಚುನಾವಣೆ ಬಂತೆಂದರೆ ಕೇರಿಯ ಗೋಡೆಗಳನ್ನೆಲ್ಲ ಪಕ್ಷಗಳು ಮೊದಲೇ ಹಿಡಿದಿಡುವುದು ಆ ಊರಿನ ರೂಢಿ. ಹಿಡಿದ ಗೋಡೆಗೆ ಸುಣ್ಣ ಬಳಿದು, ಒಣಗಿದ ಮೇಲೆ ಗುರುತು, ಹೆಸರು ಬರೆಯುವುದು. ಮೃಣಾಲ್ ಬೈರಾಗಿ ಎಂಟೂವರೆಗೆ ಸಿಕ್ಕಿದ್ದೂ ಗೋಡೆಯ ಮುಂದೆಯೇ. ಮರದ ಚಿತ್ರ ಅರ್ಧ ಮುಚ್ಚಿತ್ತು. ಬಕೆಟ್ಟಿನಲ್ಲಿ ಸುಣ್ಣ ಕುದಿದು ತಣಿದಿತ್ತು. ಮೂವತ್ತೆಂಟರ ತೆಳ್ಳನೆಯ ಆಳು. ಬಲಗೈಯ ಎರಡು ಬೆರಳು ಮಡಿಚುತ್ತಿರಲಿಲ್ಲ, ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಜೀಪು ನಿಂತದ್ದು ನೋಡಿದರೂ ಓಡಲಿಲ್ಲ.

"ಈ ಸಾಲೊಂದು ಮುಗಿಸಲಾ ದಿದಿ? ನಡುವೆ ಬಿಟ್ಟರೆ ಪಟ್ಟೆ ಬೀಳುತ್ತೆ."

"ಮುಗಿಸು."

ಬ್ರಷ್ ತೊಳೆದಿಟ್ಟು ಬಂದ. ಬಂಧನದ ಮೆಮೊಗೆ ಸಹಿ ಹಾಕಿದ. ಅಕ್ಷರ ಮುತ್ತು ಪೋಣಿಸಿದಂತಿತ್ತು. ಒಂಬತ್ತೂಕಾಲಿಗೆ ಡೆಪ್ಯುಟಿ ಕಮಿಷನರಿಗೆ ವರದಿ ಹೋಯಿತು. ಎಫ್‌ಐಆರ್‌ನಲ್ಲಿ ಆರೋಪಿಯ ಹೆಸರು ಬದಲಾಯಿಸಲು ನ್ಯಾಯಾಲಯಕ್ಕೆ ಮನವಿ ಸಿದ್ಧವಾಯಿತು. ಕುಸುಮಾವತಿಯ ಮನೆ ಮುಂದಿನ ಡೋಲು ಹನ್ನೊಂದರ ಹೊತ್ತಿಗೆ ನಿಂತಿತು.

ಠಾಣೆಯಲ್ಲಿ ವಿಚಾರಣೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಬೆರಳು ಏನಾಯ್ತು?"

"ಮರದವರ ಬಾಪಿ ನಸ್ಕರ್ ಮುರಿದ. ಕಳೆದ ಚುನಾವಣೆಗೂ ಹಿಂದಿನದರಲ್ಲಿ. ಮರದವರ ಗೋಡೆ ಮೇಲೆ ಹಡಗು ಬರೆದೆ ಅಂತ, ಕೈಯನ್ನು ಇಟ್ಟಿಗೆ ಮೇಲೆ ಇಡಿಸಿ. ಮಾಸ್ಟರ್‌ಮೊಶಾಯ್ ಆಸ್ಪತ್ರೆಗೆ ಬಂದು ಪಕ್ಕದಲ್ಲಿ ಕೂತು ಅತ್ತರು. ಬೋರ್ಡ್ ಬದಲಾಗಲಿ ಮೃಣಾಲ್, ಅವತ್ತು ಇವರೆಲ್ಲ ನಮ್ಮ ಓಣಿಯಲ್ಲಿ ತಲೆ ತಗ್ಗಿಸಿ ನಡೀತಾರೆ ಅಂದರು."

"ನಿನ್ನೆ?"

"ಹನ್ನೊಂದು ಗಂಟೆಗೆ ಬಾಪಿ ನಮ್ಮ ಕಡೆ ಸೇರೋಕೆ ಚೆಂಡುಹೂವಿನ ಹಾರ ತಂದ. ಮಾಸ್ಟರ್‌ಮೊಶಾಯ್ ಅವನನ್ನು ತಬ್ಬಿಕೊಂಡರು. ನನ್ನನ್ನು ಕರೆದು, ಬಾವುಟ ಬಾಪಿಗೆ ಕೊಡು, ಮೆರವಣಿಗೆ ಮುಂದೆ ಅವನು ಹಿಡೀತಾನೆ, ನಿನ್ನ ಕೈಗೆ ಭಾರ ಅಂದರು." ಮೃಣಾಲ್ ತನ್ನ ಕೈ ನೋಡಿಕೊಂಡ. "ಭಾರ ಅಂತ ಅವರಿಗೆ ನೆನಪಿತ್ತು ದಿದಿ. ಯಾರಿಂದ ಅನ್ನೋದು ನೆನಪಿರಲಿಲ್ಲ."

"ಹಾಗಿದ್ದರೆ ಬಾಪಿಯ ಕಣ್ಣಿಗೆ ಹಾಕಬೇಕಿತ್ತಲ್ಲ?"

"ಬಾಪಿ ಯಾಕೆ? ಅವನು ಮೊದಲಿಂದಲೂ ಬಾಪಿಯೇ."

"ಪಾದ ಯಾಕೆ ಮುಟ್ಟಿದೆ?"

ಆ ಪ್ರಶ್ನೆಯೇ ಅರ್ಥವಾಗದವನಂತೆ ಅವನು ಅಪರ್ಣಾಳ ಮುಖ ನೋಡಿದ. "ಗುರುಗಳಲ್ವಾ," ಎಂದ.

ಒಂಬತ್ತನೆಯ ದಿನ ಬೋರ್ಡ್ ರಚನೆಯಾಯಿತು. ಯಾರೂ ಹಿಂದೆ ಸರಿಯಲಿಲ್ಲ. ಗೆದ್ದ ಎತ್ತಿನ ಬಾಲ ಬಿಡುವವರುಂಟೇ? ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಕಪ್ಪು ಕನ್ನಡಕ ಹಾಕಿಕೊಂಡು ಬಂದ ಶಿಬೇಂದು ಘೋಷಾಲರ ಮತವೂ ಸೇರಿ ಹನ್ನೊಂದಕ್ಕೆ ಹತ್ತು. ಹದಿನೈದು ವರ್ಷದ ಆಡಳಿತ ಅರ್ಧ ಗಂಟೆಯಲ್ಲಿ ಕೈ ಬದಲಾಯಿತು. ಬಂದೋಬಸ್ತು ಮುಗಿಸಿ ತಾರಕ್ ಠಾಣೆಗೆ ಮರಳಿದಾಗ ಮೃಣಾಲ್ ಇನ್ನೂ ಪೊಲೀಸ್ ಕಸ್ಟಡಿಯಲ್ಲೇ ಇದ್ದ. ತಾರಕ್ ಸರಳುಗಳ ಸಂದಿಯಿಂದ ಅವನಿಗೆ ಮಣ್ಣಿನ ಲೋಟದಲ್ಲಿ ಚಹಾ ಕೊಟ್ಟ.

"ಮಾಸ್ಟರ್‌ಮೊಶಾಯ್ ಬಂದಿದ್ದರಾ ದಾದಾ?"

"ಬಂದಿದ್ದರು."

"ಪುರಸಭೆಯ ಮೆಟ್ಟಿಲು ಕಡಿದು. ಈಗ ಅವರಿಗೆ ಸರಿಯಾಗಿ ಕಾಣಲ್ಲ. ಹೇಗೆ ಹತ್ತಿದರು?"

ತಾರಕ್ ಪಕ್ಕದಲ್ಲಿ ಕಾಗದ ಜೋಡಿಸುತ್ತಿದ್ದ ಅಪರ್ಣಾಳ ಕಡೆ ನೋಡಿದ. ಅವಳು ತಲೆಯೆತ್ತಲಿಲ್ಲ.

"ಕೈಹಿಡಿದು ಹತ್ತಿಸಿದರು," ಎಂದ ತಾರಕ್.

"ಯಾರು?"

"ಬಾಪಿ."

ಮೃಣಾಲ್ ಲೋಟವನ್ನು ನೆಟ್ಟಗಿದ್ದ ಎರಡು ಬೆರಳುಗಳಿಂದ ಒತ್ತಿಹಿಡಿದು, ಚಹಾ ಆರುವವರೆಗೂ ಹಾಗೆಯೇ ಕೂತಿದ್ದ.