ಪೆಟ್ರೋಲ್ ಪೈಪಿನಲ್ಲಿ ಸೀಸದ ಗುಂಡು

ಜನವರಿ 18, ಭಾನುವಾರ, ಮಧ್ಯಾಹ್ನ 12.40. ನಾಸಿಕ್ ಹೊರವಲಯದ ಠಾಣೆಗೆ ಬೋಟಿನ ಮಾಲಕಿ ರೂಪಾ ದೂರು ತಂದರು. ಅಂದು ಬೆಳಿಗ್ಗೆ ಜಲಾಶಯದ ನಡುವೆ ಅವರ ಬೋಟಿನ ಮೋಟರ್ ನಿಂತುಹೋಗಿ, ಗಾಳಿಗೆ ಬೋಟು ಬಂಡೆಗೆ ಬಡಿದು, ಛತ್ರಪತಿ ಸಂಭಾಜಿನಗರದ ಪ್ರವಾಸಿ ಮಹಿಳೆಯೊಬ್ಬರ ಕೈ ಮುರಿದಿತ್ತು. ಮೋಟರ್ ಹೊಸದು. ಯಾರೋ ಕೈಯಾಡಿಸಿದ್ದಾರೆಂದು ರೂಪಾ ಅನುಮಾನಪಟ್ಟರು. ಇನ್‌ಸ್ಪೆಕ್ಟರ್ ಕಾಶೀನಾಥ ಎಫ್‌ಐಆರ್ ದಾಖಲಿಸಿದರು.

ಮರುದಿನ ಒಂಬತ್ತಕ್ಕೆ ಪಂಚನಾಮೆ. ಓಝರ್ ವಿಮಾನ ಕಾರ್ಖಾನೆಯಲ್ಲಿ ಎಂಜಿನ್ ತಂತ್ರಜ್ಞರಾಗಿ ನಿವೃತ್ತರಾದ ಬೀದರಿನ ವಿಶ್ವನಾಥಪ್ಪ ಮೋಟರ್ ಪರೀಕ್ಷಿಸಲು ಬಂದಿದ್ದರು. ಹಗ್ಗದ ಒಂದೇ ಎಳೆತಕ್ಕೆ ಮೋಟರ್ ಚಾಲೂ ಆಯಿತು. ವೇಗ ಹೆಚ್ಚಿಸಿದೊಡನೆ ಮುಗ್ಗರಿಸಿ ನಿಂತಿತು.

"ಮೆಲ್ಲಗ ಓಡ್ತದ, ಜೋರ್ ಮಾಡಿದ್ರ ಉಸಿರು ಕಟ್ತದ ನೋಡ್ರಿ," ಎಂದರು ವಿಶ್ವನಾಥಪ್ಪ.

"ಪ್ಲಗ್ ಕೆಟ್ಟಿರಬಹುದೇ?" ಎಂದು ಕೇಳಿದರು ಕಾಶೀನಾಥ.

ಪ್ಲಗ್ ಬದಲಿಸಿದರು. ಅದೇ ಕತೆ. ಬೇರೆ ಟ್ಯಾಂಕು, ಬೇರೆ ಪೈಪು ಜೋಡಿಸಿದಾಗ ಮಾತ್ರ ಮೋಟರ್ ಗರ್ಜಿಸಿತು.

"ಮೋಟರ್ ಛಲೋ ಅದರಿ. ಪೆಟ್ರೋಲ್ ಬರೂ ದಾರಿ ಕಟ್ಟೇದ."

ಪಂಚ ಸಾಕ್ಷಿಗಳ ಎದುರು ಹಳೆಯ ಪೈಪನ್ನು ಸೀಳಿದರು. ಒಳಗೆ ಸೀಸದ ಗುಂಡೊಂದು ಸಿಕ್ಕಿಕೊಂಡಿತ್ತು. ನಡುವೆ ಸಣ್ಣ ತೂತು. ನಿಧಾನ ಓಟಕ್ಕೆ ಸಾಕಾಗುವಷ್ಟು ಪೆಟ್ರೋಲ್ ಮಾತ್ರ ಅದರಲ್ಲಿ ಹರಿಯುತ್ತಿತ್ತು.

"ಸರ್, ಇದು ಮೀನಿನ ಬಲೆಗೆ ಕಟ್ಟೋ ಗುಂಡು," ಎಂದಳು ಕಾನ್‌ಸ್ಟೆಬಲ್ ಪ್ರಜ್ಞಾ.

ಬೋಟ್ ಶೆಡ್ಡಿನ ಕೀಲಿ ಮೂವರ ಬಳಿಯಿತ್ತು: ರೂಪಾ, ಚಾಲಕ, ಕಾವಲುಗಾರ ರೇವಪ್ಪ. ಬಲೆ ಇದ್ದದ್ದು ರೇವಪ್ಪನ ಮನೆಯಲ್ಲಿ ಮಾತ್ರ. ಅವನು ಮೂಲತಃ ಕಲಬುರಗಿ ಕಡೆಯ ಮೀನುಗಾರ. ಅಂಗಳದಲ್ಲಿ ತೂಗುಹಾಕಿದ್ದ ಬಲೆಯ ಅಂಚಿನಲ್ಲಿ ಅಂಥವೇ ಗುಂಡುಗಳು, ಒಂದು ಇರಲಿಲ್ಲ.

ಸಂಜೆ 4.15, ಠಾಣೆ. ಕಾಶೀನಾಥ ಗುಂಡನ್ನು ರೇವಪ್ಪನ ಮುಂದಿಟ್ಟರು.

"ಇದು ನಿಮ್ದೇನು?"

"ಹೌದ್ರಿ."

"ಯಾಕ ಹಾಕಿದ್ರಿ?"

"ಬೋಟ್ ನಿಲ್ಲಲಿ ಅಂತ ಅಲ್ರಿ ಸಾಹೇಬ್ರ, ಮೆಲ್ಲಗ ಹೋಗ್ಲಿ ಅಂತ," ಎಂದ ರೇವಪ್ಪ. "ಆ ಅಕ್ಕಾರ ಕೈ ಈಗ ಹ್ಯಾಂಗದರಿ?"

5.30ಕ್ಕೆ ಅವನನ್ನು ಬಂಧಿಸಲಾಯಿತು.

ಹೋದ ದೀಪಾವಳಿಯ ವಾರ ಅದೇ ಬೋಟು ರಭಸದಿಂದ ಹಾಯ್ದಾಗ ಎದ್ದ ಅಲೆಗೆ, ಬಲೆ ಎಳೆಯುತ್ತಿದ್ದ ಅವನ ಹೆಂಡತಿ ಪಾರ್ವತಿಬಾಯಿಯ ತೆಪ್ಪ ಮಗುಚಿತ್ತು. ಶವ ಮೂರನೆಯ ದಿನ ಸಿಕ್ಕಿತು. ಠಾಣೆಯಲ್ಲಿ ಅದು ಆಕಸ್ಮಿಕ ಸಾವೆಂದು ದಾಖಲಾಗಿತ್ತು.

ಕಾಶೀನಾಥರಿಗೆ ರೇವಪ್ಪನ ಮುಖ ನೆನಪಿರಲಿಲ್ಲ. ಹಳೆಯ ಕಡತ ತೆಗೆಸಿ ಅವನ ಹೇಳಿಕೆ ಓದಿದರು. ಕೊನೆಯ ಸಾಲು: ಬೋಟನ್ನು ಮೆಲ್ಲಗೆ ನಡೆಸಲು ದಯವಿಟ್ಟು ತಾಕೀತು ಮಾಡಬೇಕು. ಅದರ ಕೆಳಗೆ ಹೆಬ್ಬೆಟ್ಟಿನ ಗುರುತು, ಪಕ್ಕದಲ್ಲಿ ಕಾಶೀನಾಥರದೇ ಸಹಿ.