ಮಾತು ಮುಗಿಯುವ ತನಕ

ಒದ್ದೆ ಹೊದಿಕೆಯನ್ನು ಬಾಲ್ಕನಿಯ ಕಂಬಿಗೆ ಸುತ್ತಿ ಅವಳು ಬಿಗಿಯಾಗಿ ಹಿಂಡುತ್ತಿದ್ದಳು.

"ಅಲ್ರೀ ಮೇಲಿನವರೇ, ಕೆಳಗೆ ಮನುಷ್ಯರಿದ್ದಾರೆ ಅನ್ನೋ ಪರಿವೆ ಬೇಡ್ವಾ?"

ಬಗ್ಗಿ ನೋಡಿದಳು. ಕೆಳಗಿನ ಅಂಗಡಿಗೆ ಹೊಸದಾಗಿ ಬಂದ ಸೋಫಾ ರಿಪೇರಿಯವನು. ಆಗಷ್ಟೇ ಬಟ್ಟೆ ಹೊದಿಸಿ ಹೊರಗಿಟ್ಟ ಕುರ್ಚಿಯ ಮೇಲೆಲ್ಲ ನೀರು!

"ನೋ... ನೋ... ನೋಡ್..."

ಚಿಕ್ಕಂದಿನಿಂದಲೂ ಅವಳಿಗೆ ಮಾತು ತೊದಲು.

"ನೋಡಲಿಲ್ಲ, ತಪ್ಪಾಯ್ತು ಅಂತಿದ್ದಾಳೆ ಕಣಪ್ಪ," ಎಂದರು ಪಕ್ಕದ ಮನೆಯ ಅಜ್ಜಿ.

ಅವನು ಕೈಯೆತ್ತಿ ಅಜ್ಜಿಯನ್ನು ತಡೆದ. ಆಮೇಲೆ ಕೈಕಟ್ಟಿ, ಅವಳನ್ನೇ ನೋಡುತ್ತಾ ನಿಂತ.

"ನೋ... ನೋಡಿ ಇಡ್ಬೇಕಿತ್ತು ನೀ... ನೀವು!"

ಬೀದಿಯೆಲ್ಲ ತಲೆ ಎತ್ತಿತ್ತು. ಅವಳ ಮೈ ಉರಿಯಿತು. ತಮಾಷೆ ನೋಡ್ತಾನಾ... ಕಲ್ಲೆದೆಯವನು.

ಒಳಗೆ ಅಮ್ಮ ಕಾದಿದ್ದರು. "ಗಂಡಿನವರ ಕಿವಿಗೆ ಬಿದ್ರೆ? ಮಾತು ಕಮ್ಮಿ ಹುಡುಗಿ ಅಂತ ಒಪ್ಪಿದ್ದಾರೆ. ಮದುವೆ ಮುಗಿಯೋತನಕ ಹೂಂ, ಉಹೂಂ ಸಾಕು."

ಆಮೇಲೆ? ಬದುಕಿಡೀ ಬಾಯಿಗೆ ಬೀಗವೇ?...

ಮರುದಿನ ನೇರ ಅಂಗಡಿಗೆ ಇಳಿದಳು.

"ಎ... ಎಲ್ಲರೂ ಪಾ... ಪಾಪ ಅಂತಾರೆ. ನೀ... ನೀವು ಸರ್ಕಸ್ ನೋಡೋ ಹಾಗೆ ನಿಂತಿದ್ರಿ."

ಅವನು ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಅಂಗೈಗೆ ಉಗುಳಿದ. "ಮುಗೀತಾ?"

"ಇ... ಇಲ್ಲ. ನಿಮ್ಮ ಕು... ಕುರ್ಚಿ ದರಿದ್ರವಾಗಿದೆ."

"ನೋಡಿ, ಅಜ್ಜಿ ನಿಮ್ಮ ಬೈಗುಳಾನ ತಪ್ಪೊಪ್ಪಿಗೆ ಮಾಡಿಬಿಟ್ರು. ನಿಮ್ಮ ಮಾತು ನೀವೇ ಮುಗಿಸಬೇಕು. ನಾನ್ಯಾಕೆ ನಡುವೆ ಬಾಯಿ ಹಾಕ್ಲಿ?"

ಅವಳ ಬೆನ್ನ ಹಿಂದೆ ಅರ್ಧ ಬೀದಿ ಕಿವಿಗೊಟ್ಟಿತ್ತು. ಆದರೆ ಇಷ್ಟು ಹೊತ್ತೂ ಅವಳು ಒಮ್ಮೆಯೂ ತಿರುಗಿ ನೋಡಿರಲಿಲ್ಲ!

ಅಂದಿನಿಂದ ದಿನಕ್ಕೊಂದು ಜಗಳ. ಮೆಟ್ಟಿಲಿಗೆ ಅಡ್ಡವಿಟ್ಟ ಸೋಫಾಕ್ಕೊಂದು, ಹಾರಿಬಂದ ಹತ್ತಿಗೊಂದು. ಜಗಳವಾಡುವಾಗ ಅವಳು ಸುಲಭದ ಶಬ್ದಕ್ಕಾಗಿ ತಡಕಾಡುತ್ತಿರಲಿಲ್ಲ. ಬಂದದ್ದು, ಬಂದ ಹಾಗೆ.

ಒಂದು ದಿನ ಅವನೇ ಕೇಳಿದ, "ಮದುವೆಯಂತೆ. ಅಲ್ಲಿ ಯಾರ ಜೊತೆ ಜಗಳ?"

"ಅ... ಅಲ್ಲಿ ಮಾ... ಮಾತೇ ಆಡಬಾರದು."

ಸುತ್ತಿಗೆ ಅವನ ಹೆಬ್ಬೆರಳಿಗೇ ಬಿತ್ತು. "ಹೋಗಿ, ಗೊಂಬೆಯಾಗಿ ಕೂತ್ಕೊಳ್ಳಿ. ನನಗೇನು?"

ಅವಳು ದಡದಡ ಮೆಟ್ಟಿಲೇರಿದಳು. ಇಳಿದಾಗ ಕೈಯಲ್ಲೊಂದು ಲಕೋಟೆ. ಬೀದಿ ಕೊನೆಯ ಅಂಚೆಡಬ್ಬಿಯವರೆಗೂ ಅವನು ಬೆರಳು ಚೀಪುತ್ತಾ ಹಿಂದೆಯೇ ಬಂದ.

"ಏನದು?"

"ಗಂಡಿಗೆ. ಬೇ... ಬೇಡ ಅಂತ. ಎರಡು ತಿಂಗಳಿಂದ ದಿ... ದಿಂಬಿನ ಕೆಳಗಿತ್ತು. ಧೈ... ಧೈರ್ಯ ಇರಲಿಲ್ಲ."

"ಜನ ಆಡ್ಕೋತಾರೆ."

"ಆ... ಆಡ್ಕೊಳ್ಳಲಿ. ನನಗಿಂತ ಬೇ... ಬೇಗ ಮುಗಿಸ್ತಾರೆ."

ಅವನು ನಕ್ಕ. ಅವಳು ನಗಲಿಲ್ಲ.

"ನಂ... ನಂಗೆ ನಿ... ನಿ..."

ಮುಂದಿನ ಮಾತು ಅವನ ನಾಲಿಗೆಯ ತುದಿಗೇ ಬಂದಿತ್ತು. ಹಲ್ಲುಕಚ್ಚಿ ನುಂಗಿಕೊಂಡ.

"...ನಿಮ್ಮ ಜೊತೆಗೇ ಜ... ಜಗಳ ಆಡ್ಬೇಕು. ಕೊ... ಕೊನೇತನಕ."

"ಆಡಿ," ಎಂದ ಅವನು, ಕಣ್ಣೊರೆಸಿಕೊಳ್ಳುತ್ತಾ. "ನನಗೇನೂ ಅವಸರ ಇಲ್ಲ."

ಅವಳು ಲಕೋಟೆಯನ್ನು ಡಬ್ಬಿಯೊಳಗೆ ಬಿಟ್ಟಳು.